ಉಸುಕಿನ ಮುಯ್ಯಿ

ಎಲೆ ಅಡಿಕೆ ಎತ್ತಿಕೊಂಡ ಮೇಲೆಯೇ ಅಮೃತವ್ವನಿಗೆ ತಾನು ಎಂಥ ಉರುಳಿಗೆ ಕೊರಳು ಕೊಟ್ಟೆ ಎಂಬುದು ಗೊತ್ತಾದದ್ದು.

ಡೋಣಿ ಎಂಬ ಹಳ್ಳಿಯ ಆಚೆ, ಕಪ್ಪತಗುಡ್ಡವನ್ನು ಬೆನ್ನಿಗೆ ಹಾಕಿಕೊಂಡು ಕೂತ ಆ ಊರಲ್ಲಿ ಮುಯ್ಯಿ ಕೇಳುವ ರೀತಿಯೇ ಹಾಗೆ. ಬಾಯಿಬಿಟ್ಟು ಕೇಳುವಂತಿಲ್ಲ. ಹೊಸ್ತಿಲ ಮೇಲೆ ಎರಡು ಎಲೆ, ಒಂದು ಅಡಿಕೆ ಇಟ್ಟು ಸುಮ್ಮನೆ ನಿಲ್ಲಬೇಕು. ಹಿಂದೊಮ್ಮೆ ನಿಮ್ಮ ಹೊಲದಲ್ಲಿ ನಾವು ದುಡಿದಿದ್ದೇವೆ, ಈಗ ನಮ್ಮ ಹೊಲಕ್ಕೆ ನಿಮ್ಮ ಕೈ ಬೇಕು ಎಂದು ಅದರ ಅರ್ಥ. ಮನೆಯವರು ಮೊದಲು ಎಲೆ ಎತ್ತಿಕೊಳ್ಳಬೇಕು, ಆಮೇಲೆ ಕೆಲಸ ಯಾವುದೆಂದು ಕೇಳಬೇಕು. ಕೆಲಸ ಕೇಳಿಕೊಂಡು ಎಲೆ ಎತ್ತುವವರಿಗೆ ಆ ಊರಲ್ಲಿ ಹೆಣ್ಣು ಕೊಡುವವರೂ ಇಲ್ಲ, ಹೆಣ ಹೊರುವವರೂ ಇಲ್ಲ.

ನಿಜಲಿಂಗಪ್ಪ ಬಂದದ್ದು ಯುಗಾದಿ ಕಳೆದ ಮೂರನೆಯ ದಿನ, ಬೆಳಿಗ್ಗೆ. ಊರಿನ ದೊಡ್ಡ ಹಿಡುವಳಿದಾರ, ಅರವತ್ತು ದಾಟಿದರೂ ಗಟ್ಟಿ ಆಳು. ಅವನ ಬೆನ್ನು ಇನ್ನೊಬ್ಬರ ಹೊಸ್ತಿಲಿಗೆ ಬಾಗಿದ್ದನ್ನು ಯಾರೂ ಕಂಡಿರಲಿಲ್ಲ. ಅಂಗಳ ಗುಡಿಸುತ್ತಿದ್ದ ಅಮೃತವ್ವ ಕಸಬರಿಗೆ ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಎಲೆ ಎತ್ತಿ ಹಣೆಗೆ ಒತ್ತಿಕೊಂಡಳು.

“ಒಳಗ ಬರ್ರಿ, ಕುಂಡ್ರಿ. ಕೆಲಸ ಏನೈತ್ರಿ?”

“ಉಸುಕು ಹೇರೂದೈತಿ ಅಮೃತವ್ವ. ನಮ್ಮಪ್ಪ ನಿಮ್ಮ ಹೊಲಕ್ಕ ಹನ್ನೆರಡು ಬಂಡಿ ಹೂಡಿ ಮೂರು ದಿನ ಉಸುಕು ಹೊಡಸಿದ್ದ. ನಿನಗ ನೆನಪೈತಿ. ಅಷ್ಟ ಉಸುಕು ಈಗ ನನ್ನ ಹೊಲಕ್ಕ ಬೇಕಾಗೇತಿ. ಈಗಿನ ಟ್ರ್ಯಾಲಿ ಲೆಕ್ಕದಾಗ ಮೂವತ್ತು ಹೇರು.”

“ಎಲ್ಲಿಂದ್ರಿ?”

“ಎಲ್ಲಿಂದ ಅಂದ್ರ? ಹಳ್ಳದ ತಿರುವಿನಿಂದ. ಊರಾಗ ಉಸುಕು ಇನ್ನೆಲ್ಲಿ ಉಳದೈತಿ?”

ಆ ತಿರುವಿನ ಉಸುಕನ್ನು ಐದು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವಳು ಅಮೃತವ್ವನೇ.

ಹಳ್ಳ ಗುಡ್ಡದಿಂದ ಇಳಿದು, ಊರ ಪಕ್ಕ ಹುಣಸೆಮರದ ಹತ್ತಿರ ಮೈ ಮುರಿದು ತಿರುಗುತ್ತದೆ. ಹರಿಯುವುದು ಮಳೆಗಾಲದ ನಾಲ್ಕು ದಿನ. ಉಳಿದ ಕಾಲವೆಲ್ಲ ನೀರು ಉಸುಕಿನೊಳಗೆ ಅಡಗಿ ಕೂತಿರುತ್ತದೆ. ಉಸುಕಿನಲ್ಲಿ ಮೊಣಕೈ ಆಳ ಗುಂಡಿ ತೋಡಿದರೆ ನೀರು ತಾನಾಗಿ ಒಸರುತ್ತದೆ. ಅದಕ್ಕೆ ವರತೆ ಎನ್ನುತ್ತಾರೆ. ಊರಿನ ಬೋರ್‌ವೆಲ್ ನೀರು ಕುಡಿದರೆ ಹಲ್ಲು ಹಳದಿಯಾಗುತ್ತದೆ, ಮೊಣಕಾಲು ಮಡಚಲು ಬರುವುದಿಲ್ಲ, ಆ ನೀರಲ್ಲಿ ಬೇಳೆಯೂ ಬೇಯುವುದಿಲ್ಲ. ನಳದಲ್ಲಿ ಹೊಳೆಯ ನೀರು ಬರುತ್ತದೆ ಎನ್ನುವುದೂ ಸುಳ್ಳಲ್ಲ. ಹತ್ತು ದಿನಕ್ಕೊಮ್ಮೆ ಬಂದು ಮುಖ ತೋರಿಸಿ ಹೋಗುತ್ತದೆ, ಹೊಸ ಅಳಿಯನ ಹಾಗೆ. ನಿಜವಾಗಿ ಊರು ಬದುಕಿದ್ದು ವರತೆಯ ಮೇಲೆ. ಮೊದಲು ನಾಲ್ಕು ವರತೆಗಳಿದ್ದವು. ಕೆಳಗಿನ ಮೂರರ ಉಸುಕನ್ನು ಜನ ಹೊತ್ತು ಮುಗಿಸಿದರು, ಅಲ್ಲಿ ಈಗ ಬರೀ ಬಂಡೆ. ಮೂರನೆಯದು ಬತ್ತಿದ ವರ್ಷ ಅಮೃತವ್ವ ತಿರುವಿನಲ್ಲಿ ಟ್ರ್ಯಾಲಿಗಳಿಗೆ ಅಡ್ಡ ಕೂತಳು. ಬೈದರು, ನಕ್ಕರು, ‘ಹಳ್ಳದ ಗೌಡತಿ’ ಎಂದು ಹೆಸರಿಟ್ಟರು. ಅವಳು ಏಳಲಿಲ್ಲ. ಕಡೆಗೆ ಪಂಚಾಯ್ತಿ ಸೇರಿ, ಅವಳು ಹೂಂ ಅನ್ನದೆ ತಿರುವಿನ ಉಸುಕಿಗೆ ಯಾರೂ ಸಲಿಕೆ ಹಾಕಬಾರದೆಂದು ಮಾತಾಯಿತು.

ಇನ್ನು ಉಸುಕಿಗೂ ಹೊಲಕ್ಕೂ ಏನು ಸಂಬಂಧ ಎಂದು ಬೇರೆ ಸೀಮೆಯವರು ಕೇಳಬಹುದು. ಈ ಕಡೆಯ ಎರೆ, ಅಂದರೆ ಕರಿಮಣ್ಣಿನ ಹೊಲ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಬಿದ್ದ ಮಳೆ ಆ ಬಿರುಕಿನಿಂದಲೇ ಹಬೆಯಾಗಿ ಹೋಗಿಬಿಡುತ್ತದೆ. ಅದರ ಮೇಲೆ ನಾಲ್ಕು ಬೆರಳು ಉಸುಕು ಹರಡಿದರೆ ಮಳೆನೀರು ಇಳಿಯುತ್ತದೆ, ಆದರೆ ಏಳುವುದಿಲ್ಲ. ಒಂದೇ ಮಳೆಗೆ ಹೆಸರುಕಾಳು, ಇಬ್ಬನಿಗೆ ಬಿಳಿಜೋಳ. ಹಿರಿಯರು ಕಂಡುಕೊಂಡ ಜಾಣತನ ಇದು, ಅದರಲ್ಲಿ ಎರಡು ಮಾತಿಲ್ಲ. ಒಂದೇ ಒಂದು ಕಟ್ಟಳೆ: ಉಸುಕಿನ ಹೊಲದಲ್ಲಿ ತೆಳ್ಳಗೆ ಕುಂಟೆ ಹೊಡೆದು ಕಳೆ ತೆಗೆಯಬೇಕು, ಕೂರಿಗೆ ಹೂಡಿ ಬಿತ್ತಬೇಕು, ಸಾಯುವವರೆಗೂ ನೇಗಿಲು ಮುಟ್ಟಿಸಬಾರದು. ನೇಗಿಲು ಇಳಿಯಿತೋ, ಮೇಲಿನ ಉಸುಕು ಕೆಳಗೆ, ಕೆಳಗಿನ ಎರೆ ಮೇಲೆ. ಕಲಸಿದ ಹಿಟ್ಟಿನಿಂದ ಉಪ್ಪು ಆರಿಸಿದವರುಂಟೇ?

ನಿಜಲಿಂಗಪ್ಪ ಮಾಡಿದ್ದು ಅದನ್ನೇ. ಹೊಲದಲ್ಲಿ ಕರಿಕೆ ಹುಲ್ಲು ಹಬ್ಬಿತೆಂದು ಅವನಿಗೆ ಸಿಟ್ಟು ಬಂತು. ಹೊರಗಿನಿಂದ ದೊಡ್ಡ ಟ್ರ್ಯಾಕ್ಟರ್ ತರಿಸಿ, ಒಂದೂವರೆ ಅಡಿ ಆಳ ನೇಗಿಲು ಹೊಡೆಸಿದ. ಇಲಿ ಬಂತೆಂದು ಮನೆಗೆ ಬೆಂಕಿ ಹಚ್ಚಿದಂತಾಯಿತು. ಕರಿಕೆ ಹೋಯಿತು, ಅಪ್ಪನ ಕಾಲದ ಉಸುಕೂ ಹೋಯಿತು. ಹೋದದ್ದು ಇಪ್ಪತ್ತು ಗುಂಟೆಯಾದರೂ ಮನೆಯ ವರ್ಷದ ಕಾಳು ಬರುತ್ತಿದ್ದದ್ದು ಅಲ್ಲಿಂದಲೇ. ಆ ಸಂಕಟ ಅಮೃತವ್ವನಿಗೆ ಅರ್ಥವಾಗದ್ದಲ್ಲ.

“ಬ್ಯಾರೆ ಏನರ ಕೇಳ್ರಿ. ನಿಮ್ಮ ಹೊಲದಾಗ ತಿಂಗಳಗಟ್ಟಲೆ ಕಸ ತಗೀತೀನಿ. ನಾನು, ಮಗ, ಸೊಸಿ, ಮೂರೂ ಮಂದಿ ಬರ್ತೀವಿ,” ಎಂದಳು.

ನಿಜಲಿಂಗಪ್ಪನ ಮುಖ ಕೆಂಪಾಯಿತು. “ಉಸುಕಿಗೆ ಉಸುಕು. ಮುಯ್ಯಿ ಅಂದ್ರ ಹಾಂಗ. ನಿಮ್ಮ ಹೊಲಕ್ಕ ಹೇರಿದಾಗ ಹಳ್ಳ ಬತ್ತಿತು ಅಂತ ಯಾರೂ ಅಳಲಿಲ್ಲ. ಈಗ ನನ್ನ ಪಾಳಿ ಬಂದಾಗ ಹಳ್ಳ ದೇವರಾತೇನು? ಹೇಳೂದು ಆಚಾರ, ತಿನ್ನೂದು ಬದನಿಕಾಯಿ ಆಗಬಾರದು ಅಮೃತವ್ವ. ಸೋಮವಾರ ಮುಂಜಾನೆ ತಿರುವಿಗೆ ಟ್ರ್ಯಾಕ್ಟರ್ ತರ್ತೀನಿ.”

ಅವನು ಹೋದ. ಅವನ ಮಾತಿನಲ್ಲಿ ಒಂದಾದರೂ ಸುಳ್ಳಿದ್ದರೆ ಅಮೃತವ್ವ ಜಗಳ ತೆಗೆಯುತ್ತಿದ್ದಳು. ಇರಲಿಲ್ಲ, ಅದೇ ಅವಳಿಗೆ ಚುಚ್ಚಿದ್ದು.

ಮೂವತ್ನಾಲ್ಕು ವರ್ಷದ ಹಿಂದೆ ಅವಳು ಮದುವೆಯಾಗಿ ಬಂದಾಗ ಗಂಡನ ಮನೆಯ ಮೂರೆಕರೆ ಬರೀ ಬಿರುಕು. ಬಂಡಿ ಇಲ್ಲ, ಒಂದೇ ಎತ್ತು. ಊರಿನವರು ಮುಯ್ಯಿಗೆ ಬಂದರು. ನಿಜಲಿಂಗಪ್ಪನ ಅಪ್ಪ, ಯಾರೂ ಕೇಳದೆಯೇ, ಹನ್ನೆರಡು ಬಂಡಿ ಕಳಿಸಿದ. ದಾರಿಯ ಪಕ್ಕದ ಇಪ್ಪತ್ತು ಗುಂಟೆಗೆ ಬಿದ್ದದ್ದು ಪೂರಾ ಅವನ ಬಂಡಿಯ ಉಸುಕು. ಅಂದು ಅಮೃತವ್ವ ಬುಟ್ಟಿ ಹೊತ್ತು ಹೊತ್ತು ತಲೆಯ ಕೂದಲು ಉದುರಿಸಿಕೊಂಡಿದ್ದಳು, ಖುಷಿಯಿಂದ. ಹಳ್ಳ ಮುಗಿಯುವ ವಸ್ತು ಎಂದು ಆಗ ಯಾರ ತಲೆಗೂ ಹೊಳೆದಿರಲಿಲ್ಲ. ಎಲ್ಲರೂ ಹೊತ್ತರು, ಅವಳೂ ಹೊತ್ತಳು.

ಗಂಡ ಸಕ್ರಪ್ಪ ಸುದ್ದಿ ಕೇಳಿದ. ಅವನು ಮಾತಾಡುವುದೇ ಕಡಿಮೆ. “ಎಲಿ ಎತ್ತಿಕೊಂಡಿ. ಮುಗೀತು,” ಎಂದ.

ಸೊಸೆ ನೀಲಾ ಖಾಲಿ ಕೊಡ ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. “ಮುಗೀತು ಅಂದ್ರ ನೀರು ಮುಗೀತು ಅಂತ ಮಾವಾರ. ಅವ್ರು ಮೂವತ್ತು ಹೇರು ಒಯ್ದ್ರ ಉಸುಕು ಮಾರೂ ಮಹಾದೇವ ಬಿಡ್ತಾನೇನು? ಅಂವಾ ಐದು ವರ್ಷದಿಂದ ನಾಲಿಗಿ ಚಪ್ಪರಿಸಿಕೊಂಡು ಕುಂತಾನ.”

ಮಗ ಹೊನ್ನೇಶ ಮಾತ್ರ ಹಗುರಾಗಿ ಹೇಳಿದ, “ಕೊಟ್ಟು ಬಿಡು ಯವ್ವಾ. ಹಳ್ಳ ಏನು ನಿನ್ನ ತವರುಮನಿ ಆಸ್ತೇನು?”

ಅಮೃತವ್ವ ಕಬ್ಬಿಣದ ಹಾರೆ ಹಿಡಿದು ತಿರುವಿಗೆ ಹೋದಳು. ಉಸುಕಿನಲ್ಲಿ ಹತ್ತು ಕಡೆ ಹಾರೆ ಇಳಿಸಿದಳು. ಎಲ್ಲಿಯೂ ಮೊಣಕಾಲುದ್ದಕ್ಕಿಂತ ಆಳ ಇಳಿಯಲಿಲ್ಲ, ಬಂಡೆಗೆ ಟಣ್ ಎಂದು ತಾಗಿತು. ಇದ್ದದ್ದೇ ಮೂವತ್ತು ಮೂವತ್ತೈದು ಹೇರು. ಅಂದರೆ ಪೂರಾ ಹಳ್ಳ.

ವರತೆಯ ಹತ್ತಿರ ನಿಜಲಿಂಗಪ್ಪನ ಹೆಂಡತಿ ಬಸವಣ್ಣೆವ್ವ ಸೋರೆಬುರುಡೆಯಿಂದ ಕೊಡಕ್ಕೆ ನೀರು ತುಂಬಿಕೊಳ್ಳುತ್ತಿದ್ದಳು. ಮೊಣಕಾಲು ನೋವಿನ ಹೆಂಗಸು, ಕಾಲು ಚಾಚಿಯೇ ಕೂರಬೇಕು.

“ಖಬರ ಗೊತ್ತಾತು,” ಎಂದಳು ಬಸವಣ್ಣೆವ್ವ, ತಲೆಯೆತ್ತದೆ. “ಬ್ಯಾಡ್ರಿ ಅಂತ ಹೇಳಿದೆ. ಒಲಿ ಮುಂದಿನವಳ ಮಾತು ಕಟ್ಟಿ ಮ್ಯಾಲಿನವರು ಕೇಳ್ತಾರೇನು? ನೀ ಹೂಂ ಅಂದ್ರ ನಮ್ಮ ಮನಿ ಕೊಡಾನೂ ಖಾಲೀನ. ನೀ ಊಂಹೂಂ ಅಂದ್ರ ನಿನ್ನ ಮಾನ ಹೋಗತೈತಿ. ಏನ್ ಮಾಡ್ತಿ?”

“ಮಾನಾನೂ ಬೇಕು, ನೀರೂ ಬೇಕು,” ಎಂದಳು ಅಮೃತವ್ವ.

“ಎರಡೂ ಬೇಕಂದ್ರ ಬಾಳ ಆಸಿ ಆತಲ್ಲ!” ಎಂದು ಬಸವಣ್ಣೆವ್ವ ನಕ್ಕಳು. ಆ ನಗುವಿನಲ್ಲಿ ಭಯವಿತ್ತು.

ಅಲ್ಲಿಂದ ಅಮೃತವ್ವ ಮನೆಗೆ ಹೋಗದೆ ತನ್ನ ಹೊಲಕ್ಕೆ ಹೋದಳು. ಮಧ್ಯಾಹ್ನದ ಬಿಸಿಲು ನೆತ್ತಿ ಸುಡುತ್ತಿತ್ತು. ದಾರಿಯ ಪಕ್ಕದ ಇಪ್ಪತ್ತು ಗುಂಟೆಯಲ್ಲಿ ಕುಕ್ಕರಗಾಲಲ್ಲಿ ಕೂತು ಕೈಯಿಂದ ಕೆದರಿದಳು. ಮೇಲೆ ಬಿಸಿ ಉಸುಕು, ಕೆಳಗೆ ಇನ್ನೂ ತಂಪಾದ ಎರೆ. ಉಸುಕಿನಲ್ಲಿ ಹಳ್ಳದ ಶಂಖದ ಹುಳುವಿನ ಸಣ್ಣ ಚಿಪ್ಪೊಂದು ಕೈಗೆ ಹತ್ತಿತು. ಮೂವತ್ನಾಲ್ಕು ವರ್ಷ ಹೊಲದಲ್ಲಿದ್ದೂ ಅದು ಹಳ್ಳದ್ದೇ. ನಿಜಲಿಂಗಪ್ಪ ಕೇಳಿದ್ದು ಅವನ ಅಪ್ಪ ಕೊಟ್ಟ ಉಸುಕಿನಷ್ಟು ಉಸುಕು. ಆ ಉಸುಕು ಎಲ್ಲಿಗೂ ಹೋಗಿರಲಿಲ್ಲ. ಅವಳ ಪಾದದ ಕೆಳಗೇ ಇತ್ತು.

ಹೊಳೆದದ್ದೇನೋ ಹೊಳೆಯಿತು, ಆದರೆ ಅವಳಿಗೆ ಅಳು ಬಂತು. ಈ ತುಂಡು ಹೊಲವನ್ನು ಅವಳು ಮಕ್ಕಳಿಗಿಂತ ಹೆಚ್ಚು ಮುದ್ದು ಮಾಡಿದ್ದಳು. ಒಬ್ಬಳೇ ಇದ್ದಳು, ಸಾಕಷ್ಟು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಎದ್ದಳು. ಎದ್ದಾಗ ಮನಸ್ಸು ಕಲ್ಲಾಗಿತ್ತು.

ಮನೆಯಲ್ಲಿ ಹೇಳಿದಾಗ ಹೊನ್ನೇಶ ಊಟದ ತಾಟು ದೂಡಿ ಎದ್ದ. ಈ ಸಲ ಅಲ್ಲಿಯೇ ಮೆಣಸಿನ ಸಸಿ ಹಚ್ಚಬೇಕೆಂದು ಅವನು ಬೀಜ ತಂದಿಟ್ಟಿದ್ದ.

“ಹುಚ್ಚು ಹಿಡದೈತೇನು ನಿನಗ? ಊರ ಹಳ್ಳ ಉಳಸಾಕ ನಮ್ಮ ಹೊಲ ಕೆರಿಯೂದು?”

“ಹಳ್ಳ ನನ್ನ ತವರುಮನಿ ಆಸ್ತಿ ಅಲ್ಲ, ಖರೆ. ಅದಕ್ಕ ಅದನ್ನ ಕೊಡಾಕ ನನಗ ಹಕ್ಕಿಲ್ಲ,” ಎಂದಳು ಅಮೃತವ್ವ. “ಹೊಲ ನಮ್ಮದು. ಇದನ್ನ ಕೊಡಾಕ ಬರತೈತಿ.”

“ಮೆಣಸಿನಗಿಡ?”

“ಉಳದ ಎರಡೂವರಿ ಎಕರೆದಾಗ ಹಚ್ಚು.”

“ಹಂಗಾದ್ರ ಜೋಳ ಎಲ್ಲಿ ಬಿತ್ತೂದು?”

ಅಮೃತವ್ವ ಅವನು ದೂಡಿದ ತಾಟನ್ನು ತನ್ನ ಕಡೆ ಎಳೆದುಕೊಂಡಳು. “ಈ ವರ್ಷ ಜೋಳ ಕಡಿಮಿ ಆಗತೈತಿ. ರೊಟ್ಟಿ ಒಂದು ಕಡಿಮಿ ತಿನ್ನೋಣು. ನೀರು ಕಡಿಮಿ ಕುಡಿಯಾಕ ಬರೂದಿಲ್ಲಲೇ,” ಎಂದಳು.

ಹೊನ್ನೇಶ ಹೊರಗೆ ಹೋದ. ಸಕ್ರಪ್ಪ ಮೂಲೆಯಲ್ಲಿದ್ದ ಸಲಿಕೆ ತೆಗೆದು ಅದರ ಸಡಿಲಾದ ಮರದ ಕಾವಿಗೆ ಬೆಣೆ ಹೊಡೆಯತೊಡಗಿದ. ಅವನ ಒಪ್ಪಿಗೆ ಅಷ್ಟೇ.

ಸೋಮವಾರ ಬೆಳಿಗ್ಗೆ ತಿರುವಿನಲ್ಲಿ ಜಾತ್ರೆಯಷ್ಟು ಜನ. ನಿಜಲಿಂಗಪ್ಪನ ಟ್ರ್ಯಾಕ್ಟರಿನ ಹಿಂದೆ ಇನ್ನೂ ನಾಲ್ಕು ಟ್ರ್ಯಾಕ್ಟರ್ ಬಂದು ನಿಂತಿದ್ದವು. ಮುಂದಿನದು ಮಹಾದೇವನದು. ನೀಲಾ ಹೇಳಿದ್ದು ಹುಸಿಯಾಗಲಿಲ್ಲ.

“ನೀವ್ಯಾಕ ಬಂದ್ರೀ?” ಎಂದು ಅಮೃತವ್ವ ಕೇಳಿದಳು.

“ಗೌಡತಿ ಬಾಗಿಲ ತಗದ್ರ ಒಬ್ಬರಿಗಷ್ಟ ಅಂತ ಐತೇನು?” ಎಂದು ಮಹಾದೇವ ಹಲ್ಲು ತೋರಿಸಿದ.

ಅಮೃತವ್ವ ನೇರವಾಗಿ ನಿಜಲಿಂಗಪ್ಪನ ಮುಂದೆ ಹೋಗಿ ನಿಂತಳು. “ಟ್ರ್ಯಾಕ್ಟರ್ ತಿರುಗಸ್ರಿ. ಮುಯ್ಯಿ ಕೊಡ್ತೀನಿ. ಉಸುಕಿಗೆ ಉಸುಕು, ಮೂವತ್ತು ಹೇರು, ಒಂದು ಬುಟ್ಟಿ ಕಡಿಮಿ ಇಲ್ಲ. ನನ್ನ ಹೊಲಕ್ಕ ನಡೀರಿ. ನಿಮ್ಮಪ್ಪ ತಂದು ಹಾಕಿದ ಉಸುಕು ಅಲ್ಲೈತಿ. ಅದನ್ನ ಕೆತ್ತಿ ಕೊಡ್ತೀನಿ.”

ನಿಜಲಿಂಗಪ್ಪನಿಗೆ ಮೊದಲು ಅರ್ಥವಾಗಲಿಲ್ಲ, ಅರ್ಥವಾದ ಮೇಲೆ ಸಿಟ್ಟು ಬಂತು. “ನನ್ನ ಹೊಟ್ಟಿ ಉರಸಾಕ ಮಾಡ್ತೀಯೇನು? ಊರ ಮುಂದ ನನ್ನ ಸಣ್ಣಾಂವನ ಮಾಡಾಕ?”

“ಇಲ್ರಿ. ನಿಮ್ಮಪ್ಪ ದೊಡ್ಡಾಂವ. ಅಂವಾ ಕೊಟ್ಟಿದ್ದನ್ನ ಅಂವನ ಮಗಗ ಕೊಡಾಕ ನನಗ ನಾಚಿಕಿ ಇಲ್ಲ. ಆದ್ರ ಅಂವಾ ಕೊಟ್ಟಿದ್ದು ತನ್ನ ಎತ್ತಿನ ಬೆವರು. ಹಳ್ಳ ಅಂವಂದೂ ಅಲ್ಲ, ನಂದೂ ಅಲ್ಲ. ಅವತ್ತು ಅದನ್ನ ನಾವು ಕೇಳದ ಒಯ್ದ್ವಿ. ನಾನೂ ಒಯ್ದೆ. ತಪ್ಪು ಮಾಡೀನಿ ಅಂತ ಎಲ್ಲಾರ ಮುಂದ ಹೇಳ್ತೀನಿ. ಅದ ತಪ್ಪನ್ನ ಇನ್ನೊಮ್ಮೆ ಮಾಡಾಕ ಮುಯ್ಯಿ ಹೆಸರು ಹೇಳಬ್ಯಾಡ್ರಿ.”

“ನಿನ್ನ ಹೊಲ ಕೆಡತೈತಿ.”

“ಕೆಡತೈತಿ. ನಿಮ್ಮಪ್ಪ ಮೂರು ದಿನ ಹೊಡಸಿದ್ದ, ನಾನೂ ಮೂರು ದಿನದಾಗ ಮುಗಸ್ತೀನಿ. ಜಲ್ದಿ ನಡೀರಿ.”

ನಿಜಲಿಂಗಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಬೇಡವೆಂದರೆ ಅಪ್ಪನ ಮುಯ್ಯಿಯನ್ನು ತಾನೇ ಒದ್ದಂತೆ. ತಿರುವಿನದೇ ಬೇಕೆಂದರೆ ಕೇಳಿದ್ದು ಮುಯ್ಯಿಯಲ್ಲ, ಲೂಟಿ ಎಂದು ಊರು ಆಡಿಕೊಳ್ಳುತ್ತದೆ. ಕಡೆಗೆ ಅವನು ಡ್ರೈವರ್ ಇಸ್ಮಾಯಿಲಸಾಬನಿಗೆ ಕೈ ಸನ್ನೆ ಮಾಡಿದ. ಟ್ರ್ಯಾಕ್ಟರ್ ಹಿಂದೆ ಸರಿದು ತಿರುಗಿತು. ಇನ್ನು ಹಿಂದಿನ ನಾಲ್ಕೂ ಯಾವ ಮುಖ ಹೊತ್ತು ಅಲ್ಲಿ ನಿಲ್ಲಬೇಕು? ಮಹಾದೇವ ಬೀಡಿ ಹಚ್ಚುವ ನೆವ ಮಾಡಿ ಎಲ್ಲರಿಗಿಂತ ಮೊದಲು ಜಾಗ ಖಾಲಿ ಮಾಡಿದ.

ಕೆತ್ತುವ ಕೆಲಸ ಹೇರುವ ಕೆಲಸದ ಹಾಗಲ್ಲ. ಜೆಸಿಬಿ ಹಾಕಿದರೆ ಎರೆಯನ್ನೂ ಬಾಚಿಕೊಂಡು ಹೋಗುತ್ತದೆ. ಅಮೃತವ್ವ ಯಂತ್ರ ಬೇಡವೆಂದಳು. ಸಲಿಕೆಯನ್ನು ಅಡ್ಡ ಹಿಡಿದು, ರೊಟ್ಟಿ ತವೆಯಿಂದ ಬಿಡಿಸುವ ಹಾಗೆ, ಪದರ ಪದರವಾಗಿ ಎಬ್ಬಿಸಬೇಕು. ಅವಳು ಕೆತ್ತಿದಳು, ನೀಲಾ ಬುಟ್ಟಿಗೆ ತುಂಬಿದಳು, ಸಕ್ರಪ್ಪ ಮತ್ತು ನಿಜಲಿಂಗಪ್ಪನ ನಾಲ್ಕು ಆಳುಗಳು ಹೊತ್ತು ಟ್ರ್ಯಾಲಿಗೆ ಸುರಿದರು. ಮೊದಲ ದಿನ ಎಂಟು ಹೇರು ಹೋಯಿತು. ಕೆತ್ತಿದ ಜಾಗದಲ್ಲಿ ಹಸಿ ಎರೆ ಬಿಸಿಲಿಗೆ ಬಿದ್ದು ಸಂಜೆಯೊಳಗೆ ಬಿರುಕು ಬಿಡತೊಡಗಿತು. ಅಮೃತವ್ವ ಹಿಂದೆ ತಿರುಗಿ ನೋಡಲಿಲ್ಲ.

ಎರಡನೆಯ ದಿನ ಬಸವಣ್ಣೆವ್ವ ಕುಂಟುತ್ತ ಬಂದು, ಯಾರನ್ನೂ ಕೇಳದೆ, ಕಾಲು ಚಾಚಿ ಕೂತು ಬುಟ್ಟಿ ತುಂಬತೊಡಗಿದಳು. ಗಂಡ ನೋಡಿ, ಟ್ರ್ಯಾಲಿಯ ಕಡೆ ತಿರುಗಿಕೊಂಡ. ಅವಳ ಬೆನ್ನ ಹಿಂದೆಯೇ ಹೊನ್ನೇಶ ಬಂದ. ತಾಯಿಯ ಕೈಯಿಂದ ಸಲಿಕೆ ಕಿತ್ತುಕೊಂಡು, “ನಿನ್ನ ಕೈಲೆ ಆಗೂದಿಲ್ಲ, ಸರಿ ಆಚಿ,” ಎಂದು ಬೈದು ತಾನೇ ಕೆತ್ತಿದ. ಅವನ ಸಿಟ್ಟು ಇಳಿದಿರಲಿಲ್ಲ. ಸಿಟ್ಟಿನಲ್ಲೇ ಮಾಡಿದ್ದರಿಂದ ಕೆಲಸ ಬೇಗ ಸಾಗಿತು.

ಮೂರನೆಯ ದಿನ ಮಧ್ಯಾಹ್ನ ಮೂವತ್ತನೆಯ ಹೇರು ಹೋಗಿ ಬಿತ್ತು. ಎಲ್ಲರೂ ಅದರ ಬೆನ್ನಿಗೆ ನಿಜಲಿಂಗಪ್ಪನ ಹೊಲಕ್ಕೆ ಹೋದರು. ಕೆಡಿಸಿಕೊಂಡ ಇಪ್ಪತ್ತು ಗುಂಟೆಯ ಮೇಲೆ ಉಸುಕು ಹರಡಿತ್ತು. ಬದುವಿನ ಪಕ್ಕ ಹತ್ತು ಹೆಜ್ಜೆ ಅಗಲದ ಒಂದು ಪಟ್ಟಿ ಮಾತ್ರ ಉಸುಕು ಸಾಲದೆ ಕಪ್ಪಗೆ ಉಳಿದಿತ್ತು. ನಿಜಲಿಂಗಪ್ಪ ಅದನ್ನು ಒಮ್ಮೆ ನೋಡಿ, ಟವೆಲಿನಿಂದ ಮುಖ ಒರೆಸಿಕೊಂಡ.

“ಆತು ಅಮೃತವ್ವ. ತೀರಿತು. ಇನ್ನ ನೀ ನನಗೇನೂ ಕೊಡೂದಿಲ್ಲ, ನಾ ನಿನಗೇನೂ ಕೊಡೂದಿಲ್ಲ.”

“ಆ ಪಟ್ಟಿ ಉಳೀತಲ್ರಿ.”

“ಉಳೀಲಿ. ನಮ್ಮಪ್ಪ ಕೊಟ್ಟದ್ದು ಮೂವತ್ತು.”

ಅಮೃತವ್ವ ಇಸ್ಮಾಯಿಲಸಾಬನ ಕಡೆ ತಿರುಗಿದಳು. “ಟ್ರ್ಯಾಕ್ಟರ್ ಇನ್ನೊಮ್ಮೆ ನನ್ನ ಹೊಲಕ್ಕ ತಗೊಂಡು ನಡಿಯಪ್ಪ. ಉಳದ ಹೊಲದಾಗ ಇನ್ನೊಂದು ಹೇರು ಕೆತ್ತೂದೈತಿ.”

ಹೊನ್ನೇಶ ಅವ್ವನ ಮುಖ ನೋಡಿ ಸಲಿಕೆ ಎತ್ತಿಕೊಂಡ. ನಿಜಲಿಂಗಪ್ಪ ತಡವರಿಸಿದ. ಮುಯ್ಯಿ ಹಾಕಲು ಬಂದವರ ಕೈ ಹಿಡಿದು ತಡೆಯಬಾರದೆಂಬ ಊರ ಕಟ್ಟಳೆ ಅವನಿಗೂ ಗೊತ್ತು. ಅಷ್ಟಲ್ಲದೆ ಆ ಕಪ್ಪು ಪಟ್ಟಿ ಅವನ ಕಣ್ಣು ಕುಕ್ಕುತ್ತಿತ್ತು. ಅವನು ಬೇಡವೆನ್ನಲಿಲ್ಲ. ಗಂಟೆಯೊಳಗೆ ಮೂವತ್ತೊಂದನೆಯ ಹೇರು ಬಂದು ಪಟ್ಟಿಯ ಮೇಲೆ ಬಿತ್ತು. ಅಮೃತವ್ವ ತಾನೇ ಸಲಿಕೆ ಹಿಡಿದು ಅದನ್ನು ಸಮನಾಗಿ ಹರಡಿದಳು, ತನ್ನ ಹೊಲವೆಂಬಂತೆ.

ಹರಡಿ ಮುಗಿದ ಮೇಲೆ ನಿಜಲಿಂಗಪ್ಪನೇ ಕೇಳಿದ. ದನಿಯಲ್ಲಿ ಮೊದಲಿನ ಬಿರುಸು ಇರಲಿಲ್ಲ. “ಇದು ಯಾಕ ಹಾಕಿದಿ, ಖರೆ ಹೇಳು. ಇದರ ಮುಯ್ಯಿ ನನ್ನ ತಲಿ ಮ್ಯಾಲೆ ಕುಂತಿತಲ್ಲ.”

“ಕುಂಡ್ರಲಿ ಅಂತನ ಹಾಕಿದ್ದು,” ಎಂದಳು ಅಮೃತವ್ವ. “ಹಳ್ಳದಾಗ ಕೆಳಗಿನ ಮೂರು ವರತಿ ಸತ್ತಾವ. ಗುಡ್ಡದಿಂದ ಉಸುಕು ಈಗೂ ಬರತೈತಿ, ಪ್ರತೀ ಮಳಿಗೆ ಬರತೈತಿ. ಬರೀ ಬಂಡೆಗಲ್ಲಿನ ಮ್ಯಾಲೆ ನಿಲ್ಲಲಾರದ ಹರದು ಹೋಗತೈತಿ. ಕೆಳಗ ಅಡ್ಡ ಕಲ್ಲು ಒಟ್ಟಿದ್ರ, ಮೊಣಕಾಲು ಎತ್ತರ ಸಾಕು, ನೀರು ದಾಟತೈತಿ, ಉಸುಕು ಕುಂಡ್ರತೈತಿ. ನಿಮ್ಮ ಬದುವಿನ ಮ್ಯಾಲೆ ನಿಮ್ಮಜ್ಜನ ಕಾಲದಿಂದ ಆರಿಸಿ ಹಾಕಿದ ಕಲ್ಲಿನ ಗುಡ್ಡಿ ಐತಿ. ಒಂದು ಹೇರು ಉಸುಕಿಗೆ ಒಂದು ಹೇರು ಕಲ್ಲು. ಅಷ್ಟ ನನ್ನ ಮುಯ್ಯಿ.”

“ಒಂದು ಹೇರು ಕಲ್ಲಿಗೆ ಹಳ್ಳ ಕಟ್ಟಾಕಾಗತೈತೇನು ಹುಚ್ಚಿ?”

“ಆಗೂದಿಲ್ರಿ. ಆದ್ರ ಮೊದಲನೇ ಹೇರು ನಿಮ್ಮದು ಬಿದ್ರ, ಊರಾಗ ಇನ್ಯಾರ ಹೇರು ಮನ್ಯಾಗ ನಿಂತೀತು?”

ನಿಜಲಿಂಗಪ್ಪ ಅವಳನ್ನೇ ನೋಡಿದ. ಬಸವಣ್ಣೆವ್ವ ನಗು ಮುಚ್ಚಲು ಸೆರಗು ಬಾಯಿಗೆ ಹಿಡಿದು ಬೇರೆ ಕಡೆ ತಿರುಗಿಕೊಂಡಳು. ಮೂರು ದಿನ ಕೆತ್ತಿ ಅಮೃತವ್ವನ ಅಂಗೈ ಒಡೆದಿತ್ತು, ನಿಲ್ಲಲು ಸಲಿಕೆಯ ಕಾವಿನ ಆಸರೆ ಬೇಕಾಗಿತ್ತು. ಆದರೂ ಅವಳು ಕಣ್ಣು ಕೆಳಗಿಳಿಸಲಿಲ್ಲ.

“ಎಂದು ಬೇಕು?” ಎಂದ ಅವನು.

“ಹೊತ್ತು ಇನ್ನೂ ಮುಳುಗಿಲ್ಲಲ್ರಿ,” ಎಂದಳು ಅಮೃತವ್ವ.

ನಿಜಲಿಂಗಪ್ಪ ಟವೆಲನ್ನು ತಲೆಗೆ ಸುತ್ತಿಕೊಂಡು, ಖಾಲಿ ಟ್ರ್ಯಾಲಿಯನ್ನು ಕಲ್ಲಿನ ಗುಡ್ಡೆಯ ಹತ್ತಿರ ತರಲು ಇಸ್ಮಾಯಿಲಸಾಬನಿಗೆ ಕೂಗಿ ಹೇಳಿದ.